ಎರಡು ಪ್ರತಿಯ ಚೀಟಿ

ಮೊದಲ ಸಲ ಆ ಚೀಟಿ ಹಿಡಿದುಕೊಂಡು ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಅಂಗಡಿಗೆ ಹೋದಾಗ ನನಗೆ ಮೂವತ್ತನಾಲ್ಕು ವರ್ಷ. ಮಂಗಳೂರಿನ ಮಾನಸಿಕ ಆರೋಗ್ಯದ ಡಾಕ್ಟರು ಹಿಂದಿನ ದಿನ ಬರೆದುಕೊಟ್ಟಿದ್ದರು. ಕೌಂಟರಿನಲ್ಲಿದ್ದಾತ ಚೀಟಿ ಓದಿದ, ನನ್ನ ಮುಖ ನೋಡಿದ, ಮತ್ತೆ ಚೀಟಿ ಓದಿದ.

"ಯಾರಿಗೆ ಇದು?"

"ನನಗೆ."

"ಇದು ಮಕ್ಕಳಿಗೆ ಕೊಡುವ ಮದ್ದಲ್ವಾ?"

"ದೊಡ್ಡವರಿಗೂ ಕೊಡ್ತಾರಂತೆ."

ಆತ ಒಳಗೆ ಕೂತಿದ್ದ ಮಾಲಕನಿಗೆ ಮಲಯಾಳದಲ್ಲಿ ಕೂಗಿ ಹೇಳಿದ. ಮದ್ದಿನ ಹೆಸರಿಗೆ ನಾಲಿಗೆ ತಿರುಗದೆ 'ಲಹರಿ' ಎಂದ. ಅಮಲಿನ ಪದಾರ್ಥಕ್ಕೆ ಮಲಯಾಳದಲ್ಲಿ ಹಾಗೆ ಹೇಳುತ್ತಾರೆ. ನನ್ನ ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅವರಲ್ಲಿ ಒಬ್ಬರ ಜಾಗದ ಆಧಾರಪತ್ರವನ್ನು ಹಿಂದಿನ ತಿಂಗಳು ನಾನೇ ಬರೆದಿದ್ದೆ.

ಮಾಲಕ ಎದ್ದು ಬಂದು ಮೆತ್ತಗೆ ಹೇಳಿದ: "ಇದನ್ನು ಇಡ್ಲಿಕ್ಕೆ ಬೇರೆ ಲೈಸನ್ಸ್ ಬೇಕು. ನಮ್ಮ ಹತ್ರ ಇಲ್ಲ. ಇಲ್ಲಿ ಯಾರ ಹತ್ರವೂ ಇರ್ಲಿಕ್ಕಿಲ್ಲ. ಬರೆದುಕೊಟ್ಟವರ ಊರಲ್ಲೇ ಕೇಳಿ."

ಅವನ ಮಾತು ನಂಬದೆ ಇನ್ನೂ ನಾಲ್ಕು ಅಂಗಡಿ ಸುತ್ತಿದೆ. ಇಬ್ಬರು ಇಲ್ಲ ಎಂದರು. ಇನ್ನೊಬ್ಬ ಚೀಟಿಯನ್ನು ಮುಟ್ಟಲೂ ಇಲ್ಲ. ಕೊನೆಯವನು ಚೀಟಿ ನನ್ನದೇ ಎನ್ನುವುದಕ್ಕೆ ಗುರುತು ಕೇಳಿ, ತೋರಿಸಿದ ಮೇಲೆ, ಮದ್ದು ಇಲ್ಲ ಎಂದ. ಮಧ್ಯಾಹ್ನದ ಹೊತ್ತಿಗೆ ನಾನು ಕಚೇರಿಗೆ ವಾಪಸು ಬಂದು ಕೂತೆ. ಚೀಟಿಯನ್ನು ಎಲ್ಲಿಟ್ಟೆ ಎಂದು ಸಂಜೆ ಹುಡುಕುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ನಾನು ಆಧಾರ, ಅಂದರೆ ಜಾಗದ ಕ್ರಯಪತ್ರ, ಬರೆಯುವವಳು. ರಿಜಿಸ್ಟ್ರಾರ್ ಕಚೇರಿಯ ಎದುರಿನ ಸಾಲು ಕೋಣೆಗಳಲ್ಲಿ ಒಂದರಲ್ಲಿ ಕೃಷ್ಣಣ್ಣನ ಮೇಜಿನ ಪಕ್ಕ ನನ್ನ ಮೇಜು. ಕೃಷ್ಣಣ್ಣ ನನಗೆ ಕೆಲಸ ಕಲಿಸಿದವರು. ಹಳೆಯ ಆಧಾರಗಳು ಕನ್ನಡದಲ್ಲಿರುತ್ತವೆ, ಹೊಸತನ್ನು ಮಲಯಾಳದಲ್ಲಿ ಬರೆಯಬೇಕಾಗುತ್ತದೆ. ಎರಡೂ ಬರುವವರು ಕಡಿಮೆ. ಹಾಗಾಗಿ ನನ್ನ ತಪ್ಪುಗಳನ್ನು ಸಹಿಸಿಕೊಂಡು ಅವರು ನನ್ನನ್ನು ಇಟ್ಟುಕೊಂಡಿದ್ದರು. ತಪ್ಪುಗಳು ದಿನವೂ ಆಗುತ್ತಿದ್ದವು. ಒಂದು ಸಾಲು ಓದಿ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮೊದಲಿನ ಸಾಲು ಮನಸ್ಸಿನಿಂದ ಜಾರಿಹೋಗುತ್ತಿತ್ತು. ಸರ್ವೆ ನಂಬ್ರದ ಅಂಕೆಗಳು ಅದಲುಬದಲಾಗುತ್ತಿದ್ದವು. ಕೃಷ್ಣಣ್ಣ ಎಲ್ಲವನ್ನೂ ಇನ್ನೊಮ್ಮೆ ಓದಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಕೊಡುತ್ತಿದ್ದರು. ಮದುವೆಯಾದ ಮನೆಯಲ್ಲಿ ಹಾಗೆ ತಿದ್ದಿಕೊಡುವವರು ಇರಲಿಲ್ಲ. ಉಕ್ಕಿ ಹೋದ ಹಾಲು, ಹೊತ್ತಿದ ಪಾತ್ರೆ, ಬೀಗ ಹಾಕದ ಬಾಗಿಲು, ಮರೆತುಹೋದ ಅತ್ತೆಯ ಆಸ್ಪತ್ರೆಯ ದಿನ. ಮೂರು ವರ್ಷ ಕಳೆದಾಗ ಗಂಡ ನನ್ನನ್ನು ಕಾರಡ್ಕದ ಅಮ್ಮನ ಮನೆಗೆ ತಂದು ಬಿಟ್ಟ. "ಇವಳಿಗೆ ಯಾವುದರಲ್ಲೂ ಮನಸ್ಸಿಲ್ಲ," ಎಂದು ಅಮ್ಮನಿಗೆ ಹೇಳಿ ಕಾಫಿ ಕೂಡ ಕುಡಿಯದೆ ಹೋದ. ನಾನೂ ಹಾಗೆಯೇ ನಂಬಿದ್ದೆ.

ಆಮೇಲೆ ನಿದ್ದೆ ಬಿಟ್ಟಿತು, ಊಟ ಸೇರಲಿಲ್ಲ. ಅದಕ್ಕೆಂದು ಮಂಗಳೂರಿಗೆ ಹೋದದ್ದು. ಆ ಡಾಕ್ಟರಮ್ಮ ನಿದ್ದೆಯ ಬಗ್ಗೆ ಎರಡು ಮಾತು ಕೇಳಿ, ಉಳಿದ ಒಂದು ಗಂಟೆ ಬೇರೆಯೇ ಕೇಳಿದರು. ಮುಂದಿನ ಸಲ ತಾಯಿಯನ್ನು ಕರೆದುಕೊಂಡು ಬನ್ನಿ, ಸಣ್ಣವಳಿದ್ದಾಗ ಹೇಗಿದ್ದಿರಿ ಎಂದು ಅವರಿಂದಲೇ ಕೇಳಬೇಕು ಎಂದರು.

ಅಮ್ಮ ಕನ್ನಡ ಶಾಲೆಯ ಟೀಚರಾಗಿ ನಿವೃತ್ತಿಯಾದವರು. ಯಾರ ಮುಂದೆಯೂ ತಲೆ ತಗ್ಗಿಸಿ ಮಾತಾಡಿದವರಲ್ಲ. ಅಂದು ಡಾಕ್ಟರ ಎದುರು ಕೂತು ಮೊದಲು ಬಹಳ ಗಟ್ಟಿಯಾಗಿಯೇ ಶುರು ಮಾಡಿದರು.

"ಕೂತಲ್ಲಿ ಕೂರ್ತಿರ್ಲಿಲ್ಲ ಡಾಕ್ಟ್ರೇ. ನನ್ನ ಕ್ಲಾಸಲ್ಲೇ ಇದ್ದದ್ದು. ಬುದ್ಧಿ ಇತ್ತು, ಆದ್ರೆ ಬರೀಲಿಕ್ಕೆ ಕೂತ್ರೆ ಕಿಟಕಿಯ ಹೊರಗೆ. ಹೇಳಿ ಹೇಳಿ ಸಾಕಾಗಿ..."

ಅಲ್ಲಿ ನಿಲ್ಲಿಸಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು:

"ಮೂರನೇ ಕ್ಲಾಸಲ್ಲಿ ಇವಳ ಕಾಲನ್ನು ಬೆಂಚಿಗೆ ಕಟ್ಟಿದ್ದೆ. ನನ್ನ ಹಳೇ ಸೀರೆಯ ಅಂಚಿನಿಂದ. ಒಂದು ದಿನ ಅಲ್ಲ, ತುಂಬ ದಿನ. ಮಕ್ಕಳೆಲ್ಲ ನಗ್ತಿದ್ರು. ನಗ್ಬೇಡಿ ಅಂತ ನಾನು ಹೇಳ್ಲಿಲ್ಲ."

ನನಗೆ ಅದು ನೆನಪಿತ್ತು. ಅಮ್ಮನಿಗೆ ನೆನಪಿದೆ ಎಂದು ಗೊತ್ತಿರಲಿಲ್ಲ.

ಡಾಕ್ಟರು ಆ ಕಾಯಿಲೆಯ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹೇಳಿದರು, ಎಡಿಎಚ್‌ಡಿ. ಇದು ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ ಎಂದರು. ವಾಪಸು ಬರುವ ರೈಲಿನಲ್ಲಿ ಅಮ್ಮ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಉಪ್ಪಳ ದಾಟಿದ ಮೇಲೆ ಕೇಳಿದರು: "ಈ ಮದ್ದು ನೀನು ಸಣ್ಣದಿರುವಾಗಲೂ ಇತ್ತಾ?"

"ಗೊತ್ತಿಲ್ಲಮ್ಮ."

"ಇದ್ದಿದ್ರೆ ನನಗೆ ಹೇಳ್ಬೇಡ."

ಮದ್ದು ಕೊನೆಗೆ ಮಂಗಳೂರಿನಲ್ಲೇ, ಹಂಪನಕಟ್ಟೆಯ ಕಡೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಲವೀನಾ ಎಂಬ ನಡುವಯಸ್ಸಿನ ಫಾರ್ಮಸಿಸ್ಟ್ ಇದ್ದರು. ಅವರ ಬೆನ್ನ ಹಿಂದೆ ಒಂದು ಸಣ್ಣ ಕಬ್ಬಿಣದ ಕಪಾಟು, ಅದರ ಬೀಗದ ಕೈ ಅವರ ಕುತ್ತಿಗೆಯ ದಾರದಲ್ಲಿ. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಎರಡರಲ್ಲೂ ಡಾಕ್ಟರ ಸಹಿ, ಮೊಹರು, ನಂಬ್ರ, ತಾರೀಕು ಇರಬೇಕು. ಮಾತ್ರೆಯ ಲೆಕ್ಕ ಅಂಕೆಯಲ್ಲೂ ಅಕ್ಷರದಲ್ಲೂ ಇರಬೇಕು. ಒಂದು ದಪ್ಪ ಪುಸ್ತಕದಲ್ಲಿ ನನ್ನ ಹೆಸರು, ಮನೆ, ಸಹಿ. ಒಂದು ತಿಂಗಳಿಗಿಂತ ಹೆಚ್ಚು ಕೊಡುವ ಹಾಗಿಲ್ಲ.

"ಕೇರಳದ ಅಡ್ರೆಸ್ಸು," ಎಂದು ಲವೀನಾ ಮೊದಲ ಸಲ ತಡೆದರು. "ಇನ್ಸ್‌ಪೆಕ್ಟರ್ ಬಂದ್ರೆ ನನ್ನ ಹತ್ರ ಕೇಳ್ತಾರೆ, ಅಲ್ಲಿಯವರು ಇಲ್ಲಿಗೆ ಎಂತಕ್ಕೆ ಬರುದು ಅಂತ."

"ಅಲ್ಲಿ ಇಲ್ಲ ಮೇಡಂ, ಅದಕ್ಕೆ."

ಅವರು ನನ್ನ ಗುರುತು ಚೀಟಿಯ ನಕಲು ಇಟ್ಟುಕೊಂಡು ಹತ್ತು ಮಾತ್ರೆಯ ಮೂರು ಸ್ಟ್ರಿಪ್ ಕೊಟ್ಟರು.

ಮದ್ದು ನನ್ನನ್ನು ಬೇರೆಯವಳನ್ನಾಗಿ ಮಾಡಲಿಲ್ಲ. ಬಾಯಿ ಒಣಗುತ್ತಿತ್ತು, ಮಧ್ಯಾಹ್ನ ಹಸಿವಾಗುತ್ತಿರಲಿಲ್ಲ. ಆದರೆ ಎರಡನೇ ವಾರದಲ್ಲಿ ಒಂದು ದಿನ ಆರು ಪುಟದ ಪಾಲುಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೂತು ಓದಿದೆ. ಓದಿ ಮುಗಿಸಿದಾಗ ಮೊದಲ ಪುಟದಲ್ಲಿ ಏನಿತ್ತೆಂದು ನೆನಪಿತ್ತು. ಉಳಿದವರು ಇಷ್ಟು ವರ್ಷ ಹೀಗೆ ಓದುತ್ತಿದ್ದರೇ ಎಂದು ಎದ್ದು ಹೊರಗೆ ಹೋಗಿ ಅತ್ತೆ. ಕೃಷ್ಣಣ್ಣ ನನ್ನ ಕಾಗದದ ಮೇಲೆ ಕೆಂಪು ಪೆನ್ನು ಹಿಡಿದು ಕೂತಿದ್ದರು. ಸುತ್ತು ಹಾಕಲು ಏನೂ ಸಿಗದೆ, "ಎಂತ ಮಾರಾಯ್ತಿ, ಇವತ್ತು ಯಾರು ಬರೆದದ್ದು?" ಎಂದರು.

ಆದರೆ ಮದ್ದು ತಿನ್ನುವುದಕ್ಕಿಂತ ಅದನ್ನು ತರುವುದೇ ದೊಡ್ಡ ಕೆಲಸವಾಯಿತು. ಡಾಕ್ಟರು ಸಿಗುವುದು ಮಂಗಳವಾರ ಮತ್ತು ಶುಕ್ರವಾರ. ಇಪ್ಪತ್ತೆಂಟು ದಿನ ಆಗುವ ಮೊದಲು ಲವೀನಾ ಕೊಡುವ ಹಾಗಿಲ್ಲ. ಮೂವತ್ತನೇ ದಿನ ಮಾತ್ರೆ ಮುಗಿಯುತ್ತದೆ. ನಡುವಿನ ಆ ಎರಡು ದಿನಗಳಲ್ಲಿ ಹರತಾಳ ಬಿದ್ದರೆ, ಡಾಕ್ಟರು ರಜೆಯಲ್ಲಿದ್ದರೆ, ರಿಜಿಸ್ಟ್ರಿಗೆ ಜನ ಬಂದು ಕೂತಿದ್ದರೆ, ಮುಗಿಯಿತು. ಬೆಳಿಗ್ಗೆಯ ರೈಲು ಹಿಡಿದು ಆಸ್ಪತ್ರೆಯ ಬೆಂಚಿನಲ್ಲಿ ಟೋಕನ್ ಹಿಡಿದು ಕೂತರೆ, ಎರಡು ನಿಮಿಷದ ಭೇಟಿಗೆ ಮೂರು ಗಂಟೆ. ಒಮ್ಮೆ ಎರಡನೇ ಪ್ರತಿಯಲ್ಲಿ ಮೊಹರು ಮಸುಕಾಗಿತ್ತು. ಲವೀನಾ ಅದನ್ನು ದೀಪದ ಹತ್ತಿರ ಹಿಡಿದು ನೋಡಿ, ತಲೆಯಾಡಿಸಿ ವಾಪಸು ಕೊಟ್ಟರು. ನಾನು ಆಸ್ಪತ್ರೆಗೆ ಓಡುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು.

ಇನ್ನೊಮ್ಮೆ ಎರಡೂ ಪ್ರತಿ ಇದ್ದ ಫೈಲನ್ನು ಆಟೋದಲ್ಲಿ ಬಿಟ್ಟು ಇಳಿದೆ. ಮತ್ತೆ ಡಾಕ್ಟರ ಬಾಗಿಲಿಗೆ ಹೋದರೆ ಅಲ್ಲಿದ್ದ ನರ್ಸ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು: "ನಿಜಕ್ಕೂ ಕಳೆದು ಹೋಯ್ತಾ, ಅಲ್ಲ ಎರಡು ಸಲ ತಕೊಳ್ಳಿಕ್ಕುಂಟಾ?" ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಮರೆಯುವುದೇ ನನ್ನ ಕಾಯಿಲೆ. ಅದರ ಮದ್ದು ಸಿಗಬೇಕಾದರೆ ಒಂದು ಕಾಗದವನ್ನೂ ಮರೆಯಬಾರದು.

ಅಂದಿನಿಂದ ಅಮ್ಮ ನನ್ನ ಜೊತೆ ಬರಲು ಶುರು ಮಾಡಿದರು. ಫೈಲು ಅವರ ಕೈಯಲ್ಲಿ. ಮಂಡಿ ನೋವಿಟ್ಟುಕೊಂಡು ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದರು. ನೆಂಟರು ಕೇಳಿದರೆ ಥೈರಾಯ್ಡ್ ಎಂದು ಹೇಳುತ್ತಿದ್ದರು. ಬೆಂಚಿಗೆ ಕಟ್ಟಿದ ವಿಷಯವನ್ನು ನಾವು ಮತ್ತೆ ಮಾತಾಡಲಿಲ್ಲ. ಅವರು ಪ್ರತಿ ತಿಂಗಳೂ ಬಂದರು, ಅಷ್ಟೇ.

ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಡಾಕ್ಟರಮ್ಮ ಊರು ಬಿಟ್ಟು ಬೇರೆ ಕಡೆಗೆ ಹೋದರು. ಹೋಗುವಾಗ ನನ್ನ ಕಡತವನ್ನು ಅಲ್ಲಿಯ ಹಿರಿಯ ಡಾಕ್ಟರೊಬ್ಬರಿಗೆ ಒಪ್ಪಿಸಿದ್ದರು. ಈ ಹಿರಿಯರು ಕಡತದ ಮೊದಲ ಪುಟ ನೋಡಿ ಮುಚ್ಚಿದರು.

"ಓದಿದ್ದೀರಿ. ಎರಡು ಭಾಷೆಯಲ್ಲಿ ಆಧಾರ ಬರೀತೀರಿ. ನಿಮಗೆಂಥ ಎಡಿಎಚ್‌ಡಿ? ಅದು ಮಕ್ಕಳಿಗೆ. ಈ ಮದ್ದು ಅಭ್ಯಾಸ ಆಗ್ತದೆ. ನಾನು ಬರೀಲಿಕ್ಕಿಲ್ಲ."

"ಅದು ತಿಂದದ್ದರಿಂದಲೇ ಬರೀಲಿಕ್ಕೆ ಆಗುದು ಸರ್," ಎಂದೆ.

"ಎಲ್ಲ ಅಭ್ಯಾಸದವರೂ ಹಾಗೇ ಹೇಳುದು."

ಅಮ್ಮ ಎದ್ದು ನಿಂತರು. "ನಾನು ಅವಳ ತಾಯಿ, ಅವಳ ಟೀಚರು. ನಾನು ಹೇಳ್ತೇನೆ, ಅವಳಿಗೆ ಉಂಟು," ಎಂದರು. ಡಾಕ್ಟರು ನಿದ್ದೆಗೆ ಒಂದು ಮಾತ್ರೆ ಬರೆದು ಕೊಟ್ಟರು.

ಮಂಗಳೂರಿನಲ್ಲೇ ಬೇರೆ ಡಾಕ್ಟರ ಭೇಟಿ ಸಿಕ್ಕಿದ್ದು ಏಳು ವಾರದ ನಂತರಕ್ಕೆ. ಕೋಝಿಕ್ಕೋಡಿನ ಒಂದು ಮೆಡಿಕಲ್ ಅಂಗಡಿಗೆ ಫೋನ್ ಮಾಡಿದರೆ, ಹೊರರಾಜ್ಯದ ಹಳೆ ಚೀಟಿ ನಡೆಯುವುದಿಲ್ಲ, ಅಲ್ಲಿಯ ಡಾಕ್ಟರಿಗೇ ಮೊದಲಿನಿಂದ ತೋರಿಸಬೇಕು ಎಂದರು. ಮನೆಯಲ್ಲಿ ಒಂಬತ್ತು ಮಾತ್ರೆ ಇತ್ತು. ಅಮ್ಮ ಚೂರಿಯಿಂದ ಅರ್ಧ ಮಾಡಿ, ಉದುರಿದ ಪುಡಿಯನ್ನೂ ಕಾಗದದಲ್ಲಿ ಮಡಚಿಟ್ಟರು. ರಿಜಿಸ್ಟ್ರಿ ಇರುವ ದಿನ ಮಾತ್ರ ತಿನ್ನುವುದು ಎಂದು ಮಾಡಿಕೊಂಡೆವು. ನಾಲ್ಕನೇ ವಾರಕ್ಕೆ ಆ ಪುಡಿಯೂ ಮುಗಿಯಿತು.

ಐದನೇ ವಾರದಲ್ಲಿ ಮರಿಯಮ್ಮ ಬಂದರು.

ಅವರಿಗೆ ಅರವತ್ತು ದಾಟಿತ್ತು. ಗಂಡ ತೀರಿಹೋಗಿ, ಮಗಳ ಮನೆಯ ಅಡುಗೆ ಕೋಣೆಯ ಹಿಂದಿನ ಚಾವಡಿಯಲ್ಲಿ ಮಲಗುತ್ತಿದ್ದರು. ಚೆಂಗಳದ ಹತ್ತಿರ ಐದು ಸೆಂಟ್ಸ್ ಜಾಗ ನೋಡಿದ್ದರು. ಮಾರುವವರು ಅವರಿಗೆ ಗುರುತಿನವರೇ ಆದ ಒಬ್ಬ ಮುದುಕ. ಆ ಮುದುಕನ ದೊಡ್ಡ ಜಾಗದ ಒಂದು ಮೂಲೆ ಸಮತಟ್ಟು, ಇನ್ನೊಂದು ಮೂಲೆಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡ. ಮರಿಯಮ್ಮ ನೋಡಿದ್ದ ಸಮತಟ್ಟಾದ ಮೂಲೆಗೆ ಸರ್ವೆಯ ಒಂದು ಉಪನಂಬ್ರ, ಹೊಂಡಕ್ಕೆ ಇನ್ನೊಂದು.

"ಮೋಳೇ, ಚೆಂದ ಮಾಡಿ ಬರಿ," ಎಂದರು ಮರಿಯಮ್ಮ. ಅವರು ನನ್ನನ್ನು ಮೋಳೇ, ಅಂದರೆ ಮಗಳೇ ಎಂದೇ ಕರೆಯುತ್ತಿದ್ದರು. "ನನ್ನ ಹೆಸರಲ್ಲಿ ಇದುವರೆಗೆ ಎಂತ ಕೂಡ ಇರ್ಲಿಲ್ಲ."

ಅಂದು ಕೃಷ್ಣಣ್ಣ ತಂಗಿಯ ಮನೆಯಲ್ಲಿ ಸಾವಾಗಿ ಬಂದಿರಲಿಲ್ಲ. ನಾನು ಒಬ್ಬಳೇ ಬರೆದೆ. ಮೂರು ಸಲ ಓದಿದೆ. ಓದದೆ ಬಿಟ್ಟಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನವಿರುತ್ತಿತ್ತು. ಮೂರು ಸಲ ಬೆರಳಿಟ್ಟು ಓದಿದೆ, ಮೂರು ಸಲವೂ ಸರಿಯಾಗಿಯೇ ಕಂಡಿತು. ಮರಿಯಮ್ಮ ಹೆಬ್ಬೆಟ್ಟು ಒತ್ತಿದರು, ಮುದುಕ ಸಹಿ ಹಾಕಿದರು, ರಿಜಿಸ್ಟ್ರಿ ಆಯಿತು. ಮರಿಯಮ್ಮ ಚೀಲದಿಂದ ಖರ್ಜೂರ ತೆಗೆದು ಎಲ್ಲರಿಗೂ ಹಂಚಿದರು.

ಎರಡು ವಾರದ ಮೇಲೆ ಹೊಸ ಡಾಕ್ಟರು ಮದ್ದು ಬರೆದುಕೊಟ್ಟರು. ಕಂಪೆನಿಯಿಂದ ಮಾಲು ಬಂದಿಲ್ಲ ಎಂದು ಲವೀನಾ ಇನ್ನೂ ಹದಿನೈದು ದಿನ ಕಾಯಿಸಿದರು. ಆಮೇಲೆ ಸಿಕ್ಕಿತು. ಆ ಎರಡು ತಿಂಗಳು ಬರೆದದ್ದನ್ನೆಲ್ಲ ತೆಗೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಹನ್ನೊಂದು ತಿಂಗಳ ನಂತರ ಮರಿಯಮ್ಮ ಮತ್ತೆ ಬಂದರು. ಪಂಚಾಯತಿನಿಂದ ಮನೆ ಮಂಜೂರಾಗುವ ಪಟ್ಟಿಯಲ್ಲಿ ಅವರ ಹೆಸರಿತ್ತು. ಜಾಗ ನೋಡಲು ಬಂದವರು ಆಧಾರದ ನಂಬ್ರಕ್ಕೂ ತೋರಿಸಿದ ಜಾಗಕ್ಕೂ ತಾಳೆಯಾಗುವುದಿಲ್ಲ ಎಂದಿದ್ದರು. ವಿಲ್ಲೇಜ್ ಆಫೀಸಿನಿಂದ ಕೊಟ್ಟ ಕಾಗದವನ್ನು ಅವರು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ನಾನು ಆಧಾರ ತೆಗೆದು ನೋಡಿದೆ. ಉಪನಂಬ್ರದಲ್ಲಿ ಎಂಟು ಇರಬೇಕಾದಲ್ಲಿ ಮೂರು. ನಾನು ಅವರಿಗೆ ಬರೆದುಕೊಟ್ಟದ್ದು ಕಲ್ಲು ಕಡಿದ ಹೊಂಡವನ್ನು.

ನಾನು ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮೋಳೇ, ಹೊಂಡದಲ್ಲಿ ಮನೆ ಕಟ್ಲಿಕ್ಕಾಗ್ತದಾ?" ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ. ಆಗುವುದಾದರೆ ಕಟ್ಟೋಣ ಎನ್ನುವ ಹಾಗೆ.

ತಿದ್ದುಪಡಿ ಆಧಾರ ಮಾಡಿದರೆ ಸರಿಯಾಗುತ್ತದೆ. ಆದರೆ ಅದಕ್ಕೆ ಮಾರಿದವರ ಸಹಿ ಬೇಕು. ಆ ಮುದುಕ ಮೂರು ತಿಂಗಳ ಹಿಂದೆ ತೀರಿಹೋಗಿದ್ದರು. ಮಕ್ಕಳು ಮೂವರು, ಮೂವರೂ ಗಲ್ಫಿನಲ್ಲಿ. ಅವರಲ್ಲಿ ಇಬ್ಬರು ತಮ್ಮೊಳಗೆ ಮಾತು ಬಿಟ್ಟವರು. ಎಲ್ಲರೂ ಸಹಿ ಹಾಕಬೇಕು.

ಅಂದು ಸಂಜೆ ಕೃಷ್ಣಣ್ಣನಿಗೆ ಎಲ್ಲ ಹೇಳಿದೆ, ಮದ್ದಿನ ವಿಷಯವನ್ನೂ. ಅಲ್ಲಿಯವರೆಗೆ ಅವರಿಗೆ ಗೊತ್ತಿರಲಿಲ್ಲ.

"ಮರಿಯಮ್ಮನ ಹತ್ರ ಹೇಳ್ತೇನೆ ಕೃಷ್ಣಣ್ಣ, ಆಗ ನನಗೆ ಮದ್ದು ಸಿಗ್ಲಿಲ್ಲ ಅಂತ."

"ಹೇಳಿದ್ರೆ ಅವರಿಗೆ ಜಾಗ ಸಿಗ್ತದಾ? ಹೇಳ್ಬೇಡ. ತಲೆ ಸರಿ ಇಲ್ಲದವಳ ಹತ್ರ ಆಧಾರ ಬರೆಸಿದ್ದು ಅಂತ ಊರಿಡೀ ಆಗ್ತದೆ. ನೀನು ಹಿಂದೆ ಬರೆದದ್ದನ್ನೆಲ್ಲ ಜನ ತಂದು ಇಲ್ಲಿ ಹಾಕ್ತಾರೆ. ತಪ್ಪಾಯ್ತು ಅಂತ ಹೇಳು, ಸಾಕು."

ತಪ್ಪಾಯಿತು ಎಂದಷ್ಟೇ ಹೇಳಿದೆ. ಕೃಷ್ಣಣ್ಣ ಹೆದರಿದ್ದು ಜನಕ್ಕೆ. ನಾನು ಹೆದರಿದ್ದು ಬೇರೆಯದಕ್ಕೆ: ಹೇಳಿದರೆ ಮರಿಯಮ್ಮ ನನ್ನನ್ನು ಕ್ಷಮಿಸಿಬಿಡಬಹುದಿತ್ತು. ಚಾವಡಿಯಲ್ಲಿ ಮಲಗುವ ಹೆಂಗಸಿನಿಂದ ಅದನ್ನೂ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಎರಡೂವರೆ ವರ್ಷ ಹಿಡಿಯಿತು. ಫೋನು, ಪತ್ರ, ರಜೆಯಲ್ಲಿ ಬಂದವರ ಮನೆ ಬಾಗಿಲಲ್ಲಿ ಕಾಯುವುದು. ಒಬ್ಬ ಮಗ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಬೈದ. ನಿಂತು ಕೇಳಿದೆ. ಆ ಸಲದ ಪಂಚಾಯತಿನ ಪಟ್ಟಿ ಮರಿಯಮ್ಮನನ್ನು ಬಿಟ್ಟು ಮುಂದೆ ಹೋಯಿತು. ಕೊನೆಗೂ ತಿದ್ದುಪಡಿ ರಿಜಿಸ್ಟ್ರಿ ಆದ ದಿನ ಅವರು ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಬಟ್ಟೆಯ ತುಂಡಿನಲ್ಲಿ ನಿಧಾನವಾಗಿ ಒರೆಸಿಕೊಂಡು ಎದ್ದುಹೋದರು. ಮೋಳೇ ಎಂದು ಕರೆಯಲಿಲ್ಲ. ಮನೆಗೆ ಸಂಬಂಧಿಸಿದ ಮುಂದಿನ ಕಾಗದಗಳನ್ನು ಪಕ್ಕದ ಕೋಣೆಯವರ ಹತ್ತಿರ ಬರೆಸಿದರು. ಮನೆ ಆಯಿತು. ಅದರಲ್ಲಿ ಅವರು ಇದ್ದದ್ದು ಹದಿನಾಲ್ಕು ತಿಂಗಳು. ಎದೆನೋವಿನಿಂದ ಹೋದರು ಎಂದು ಕೃಷ್ಣಣ್ಣ ಬಂದು ಹೇಳಿದಾಗ ನಾನು ಕೂಡಲೇ ಲೆಕ್ಕ ಹಾಕಿದೆ, ನಾನು ತಪ್ಪದೆ ಬರೆದಿದ್ದರೆ ಎಷ್ಟು ತಿಂಗಳಾಗುತ್ತಿತ್ತು ಎಂದು.

ಮದ್ದು ಇಲ್ಲದ್ದರಿಂದಲೇ ಆ ತಪ್ಪಾಯಿತು ಎಂದು ನಾನು ಆಣೆ ಹಾಕಲಾರೆ. ಮದ್ದಿದ್ದಾಗಲೂ ನನ್ನಿಂದ ತಪ್ಪಾಗಿದೆ. ಬೀಗ, ಪುಸ್ತಕ, ಎರಡು ಪ್ರತಿ ಯಾಕೆ ಬೇಕೆಂದೂ ನನಗೆ ಗೊತ್ತು. ಅಮಲಿಗಾಗಿ ಅದನ್ನು ಹುಡುಕುವವರು ಇದ್ದಾರೆ. ಆದರೆ ನಾನು ಪ್ರತಿ ತಿಂಗಳು ಆ ಕೌಂಟರಿನ ಎದುರು ನಿಲ್ಲುವಾಗ ಅವರಲ್ಲಿ ಒಬ್ಬಳ ಹಾಗೆಯೇ ನಿಲ್ಲುತ್ತೇನೆ, ಮುಖ ತಗ್ಗಿಸಿ, ಕಾಗದಗಳನ್ನು ಎರಡೆರಡು ಸಲ ನೋಡಿಕೊಳ್ಳುತ್ತಾ. ಹಾಗೆ ನಿಲ್ಲುವವಳು ನಾನೊಬ್ಬಳೇ ಎಂದು ಬಹಳ ಕಾಲ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ಶುಕ್ರವಾರ ಲವೀನಾ ಕಪಾಟು ತೆರೆದು ನೋಡಿ, "ಮೂರು ಸ್ಟ್ರಿಪ್ ಉಂಟು, ಅಷ್ಟೇ. ಇನ್ನು ಯಾವಾಗ ಬರ್ತದೆ ಗೊತ್ತಿಲ್ಲ," ಎಂದರು. ನನ್ನ ಚೀಟಿಯಲ್ಲಿದ್ದದ್ದೂ ಮೂರೇ. ಸಹಿ ಹಾಕಿ ತೆಗೆದುಕೊಂಡೆ. ನನ್ನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಪ್ರತಿ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದರು. ಲವೀನಾ ಅವರ ಕಾಗದ ನೋಡಿ, ಖಾಲಿಯಾದ ಕಪಾಟು ತೋರಿಸಿದರು.

ಮೆಟ್ಟಿಲಿಳಿಯುವಾಗ ಆ ಹೆಂಗಸು ನನ್ನ ಹಿಂದೆಯೇ ಬಂದರು.

"ಅಕ್ಕಾ, ನಿಮ್ಮದೂ ಅದೇ ಮದ್ದಾ? ನಾವು ಪೈವಳಿಕೆಯವರು. ಮಗಳಿಗೆ. ಹತ್ತನೇ ಕ್ಲಾಸು. ಬುಧವಾರ ಪರೀಕ್ಷೆ ಶುರು."

ಅವರಿಗೆ ಇದು ಎರಡನೇ ತಿಂಗಳಂತೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹೊರಡುವ ಮೊದಲು ಅಂಗಡಿಗೆ ಫೋನ್ ಮಾಡಿ, ಮೊಹರನ್ನು ಡಾಕ್ಟರ ಎದುರಲ್ಲೇ ನೋಡಿ, ಚೀಟಿಯ ಫೋಟೋ ತೆಗೆದಿಡಿ. ಮದ್ದು ಇರಬಹುದಾದ ಇನ್ನೊಂದು ಅಂಗಡಿಯ ನಂಬ್ರ ಕೊಟ್ಟೆ. ಅವರು ಅಲ್ಲೇ ನಿಂತು ಫೋನ್ ಮಾಡಿದರು. ಅಲ್ಲಿಯೂ ಇರಲಿಲ್ಲ.

ಫೋನ್ ಇಳಿಸಿ ಅವರು ನನ್ನ ಕೈಚೀಲವನ್ನು ನೋಡಿದರು. ಏನೂ ಕೇಳಲಿಲ್ಲ. ಇಂಥ ಮದ್ದನ್ನು ಇನ್ನೊಬ್ಬರಿಗೆ ಕೊಡುವುದು ಅಪರಾಧ ಎಂದು ನನಗೆ ಗೊತ್ತಿತ್ತು. ಆದರೆ ನಾನು ಕೊಡದೆ ಇದ್ದದ್ದು ಅದಕ್ಕಲ್ಲ. ಸೋಮವಾರ ಮೂರು ಆಧಾರ ಬರೆಯಲಿಕ್ಕಿತ್ತು. ಮುಂದಿನ ತಿಂಗಳು ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

"ಆಯ್ತಕ್ಕಾ, ಉಪಕಾರ ಆಯ್ತು," ಎಂದು ಅವರು ಬಸ್ಸಿನ ಕಡೆಗೆ ನಡೆದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದರು. ಮಂಡಿ ಪೂರ್ತಿ ಸೋತ ಮೇಲೆ ಅವರು ನನ್ನ ಜೊತೆ ಬರುವುದಿಲ್ಲ.

"ಸಿಕ್ಕಿತಾ?"

"ಸಿಕ್ಕಿತು."

"ಪೂರ್ತಿ?"

"ಪೂರ್ತಿ," ಎಂದೆ.